ಎರಡು ಜಾಡಿ ಉಪ್ಪಿನಕಾಯಿ ಮತ್ತು ಒಬ್ಬ ಗೂಢಚಾರ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಬಳಗದ ಪತ್ರಿಕೆಗೆ ಅಂತ ನಾನೊಂದು ಗೂಢಚಾರಿ ಕಥೆ ಬರೆದು ಕೊಟ್ಟಿದ್ದೆ. ಅದು ಪ್ರಕಟ ಆಗಲಿಲ್ಲ. ಆಗದೇ ಇದ್ದದ್ದೇ ಒಳ್ಳೇದಾಯ್ತು. ಯಾಕಂದ್ರೆ ಆ ಕಥೆಯಲ್ಲಿ ಏಜೆಂಟ್ ವಿಕ್ರಮ್ ಅನ್ನೋ ಹೀರೋ ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಕಪ್ಪು ಕೋಟು ಹಾಕ್ಕೊಂಡು ಓಡಾಡ್ತಾನೆ. ರಾತ್ರಿ ಎರಡು ಗಂಟೆಗೆ ಕೋಟೆ ಗುಡ್ಡದ ಮೇಲೆ ಹೆಲಿಕಾಪ್ಟರ್‌ನಿಂದ ಇಳೀತಾನೆ. ವಿಲನ್ ಹತ್ರ ಕಬ್ಬಿಣವನ್ನ ಚಿನ್ನ ಮಾಡೋ ಫಾರ್ಮುಲಾ ಇರುತ್ತೆ. ಓದಿದ ಫೈನಲ್ ಇಯರ್ ಅಣ್ಣ ಒಬ್ರು ಹಾಳೆ ವಾಪಸ್ ಕೊಡ್ತಾ ಒಂದೇ ಮಾತು ಹೇಳಿದ್ರು: "ಬಳ್ಳಾರಿಯಾಗ ಕಬ್ಬಿಣ ಚಿನ್ನ ಮಾಡಾಕ ಫಾರ್ಮುಲಾ ಯಾಕಮ್ಮಾ, ಪರ್ಮಿಟ್ ಸಾಕಿತ್ತಲ್ಲ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದ್ರೆ ಹಾಸ್ಟೆಲ್‌ಗೆ ಬಂದು ಸ್ವಲ್ಪ ಅತ್ತೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಹತ್ತು ಪುಟ ಬರೆದಿದ್ದು ಅದೇ ಮೊದಲು.

ರಜೆಗೆ ಸಿರುಗುಪ್ಪಕ್ಕೆ ಅಜ್ಜಿ ಮನೆಗೆ ಹೋದಾಗ ಆ ಹಾಳೆಗಳೂ ಬ್ಯಾಗಿನಲ್ಲಿದ್ದವು. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಹದಿನೈದು ದಿನ ಆಗಿತ್ತು, ಓದಬಾರದು ಅಂದಿದ್ರು. ಹೊತ್ತು ಹೋಗದೆ ಶೇಂಗಾ ಸುಲೀತಾ ಕೂತಿದ್ಲು. "ಏನರ ಓದವ್ವಾ" ಅಂದ್ಲು. ಬೇರೆ ಏನೂ ಇರಲಿಲ್ಲ, ನನ್ನ ಕಥೆಯನ್ನೇ ಓದಿದೆ. ಪೂರ್ತಿ ಕೇಳಿಸ್ಕೊಂಡು ಮೂರು ಪ್ರಶ್ನೆ ಕೇಳಿದ್ಲು.

"ನಿನ್ನ ಸಿಐಡಿ ಮೂರು ದಿನದಿಂದ ಓಡಾಡಾಕತ್ತಾನ, ಊಟ ಎಲ್ಲಿ ಮಾಡ್ತಾನ?"

"ಬಳ್ಳಾರಿಯಾಗ ಅವಂಗ ಮನಿ ಬಾಡಿಗಿ ಯಾರು ಕೊಟ್ರು?"

"ಓಣ್ಯಾಗಿನ ಮಂದಿ ಕೇಳಿದ್ರ, ತಾನು ಯಾರಂತ ಹೇಳ್ಯಾನ?"

ನಾನು ಸುಮ್ಮನಾದೆ. ಮೂರನೇ ಪ್ರಶ್ನೆಯಲ್ಲಿ ಅಜ್ಜಿ ಕೇಳಿದ್ದನ್ನ ಗೂಢಚಾರಿಕೆಯ ಭಾಷೆಯಲ್ಲಿ ಕವರ್ ಅಂತಾರೆ, ಅಂದ್ರೆ ಹೊರಗಿನವರಿಗೆ ತೋರಿಸೋ ವೇಷ. ಏಳನೇ ಕ್ಲಾಸ್ ಓದಿದ ಅಜ್ಜಿಗೆ ಇದು ಹೇಗೆ ಹೊಳೀತು? ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ಒಂದು ಬೇಸಿಕ್ ವಿಷಯ.

ನಮ್ಮ ಕಡೆ ಮನೇಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸೋ ಮಗುವಿಗೆ "ಏನಲೇ ಸಿಐಡಿ" ಅಂತಾರೆ. ಸಿಐಡಿ ಅಂದ್ರೆ ನಿಜದಲ್ಲಿ ರಾಜ್ಯ ಪೊಲೀಸ್ ಇಲಾಖೆಯ ತನಿಖಾ ವಿಭಾಗ, ಗೂಢಚಾರರ ಸಂಸ್ಥೆ ಅಲ್ಲ. ಆದ್ರೆ ಕನ್ನಡದಲ್ಲಿ ಈ ಪದ ಪತ್ತೇದಾರ ಮತ್ತು ಗೂಢಚಾರ ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿಬಿಟ್ಟಿದೆ. ಇಬ್ಬರೂ ಬೇರೆ ಬೇರೆ. ಪತ್ತೇದಾರ ಬರೋದು ಕೊಲೆ ಆದಮೇಲೆ, ಬಾಗಿಲು ತಟ್ಟಿ, ಹೆಸರು ಹೇಳಿ. ಅವನ ಪ್ರಶ್ನೆ, ಯಾರು ಮಾಡಿದ್ದು? ಗೂಢಚಾರ ಬರೋದು ಏನೂ ಆಗೋ ಮುಂಚೆ, ಬೇರೆ ಯಾರೋ ಆಗಿ. ಅವನ ತಲೆಯಲ್ಲಿ ಓಡೋದು, ಇವರಿಗೆ ನಾನು ಯಾರು ಅಂತ ಗೊತ್ತಾಯ್ತಾ? ಪತ್ತೇದಾರಿ ಕಥೆಯಲ್ಲಿ ರಹಸ್ಯ ಇರೋದು ಎದುರಿನವರ ಹತ್ರ. ಗೂಢಚಾರಿ ಕಥೆಯಲ್ಲಿ ರಹಸ್ಯ ನಮ್ಮ ಜೇಬಿನಲ್ಲೇ ಇರುತ್ತೆ. ಹಾಗಾಗಿ ಅವನು ಸುಮ್ಮನೆ ಟೀ ಕುಡೀತಾ ಕೂತಿದ್ರೂ ನಮಗೆ ಎದೆ ಹೊಡ್ಕೊಳ್ಳುತ್ತೆ. ಗನ್ನು, ಕಾರು ಎಲ್ಲಾ ಆಮೇಲಿಂದು.

ಈಗ ಅಜ್ಜಿ ವಿಷಯ. ಅಜ್ಜಿ ತವರು ಕುರುಗೋಡು. ಮದುವೆಯಾಗಿ ಸಿರುಗುಪ್ಪಕ್ಕೆ ಬಂದಿದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ಆ ಮನೆಯಲ್ಲಿ ಸೊಸೆ ಪುರಾಣ ಓದಬಹುದಿತ್ತು, ಕಾದಂಬರಿ ಓದೋ ಹಾಗಿರಲಿಲ್ಲ. ಅದರಲ್ಲೂ ರಟ್ಟಿನ ಮೇಲೆ ಪಿಸ್ತೂಲು ಇರೋ ಪತ್ತೇದಾರಿ ಕಾದಂಬರಿ ಅಂದ್ರೆ ಕೇಳೋದೇ ಬೇಡ. ಅಜ್ಜಿಗೋ ಅದು ಚಟ. ಅವಳ ತಮ್ಮ ಹತ್ತಿ ಮಾರೋಕೆ ಬಳ್ಳಾರಿಗೆ ಹೋದಾಗಲೆಲ್ಲ ಹಳೇ ಪುಸ್ತಕ ತಂದಿಡ್ತಿದ್ದ. ತಂದಿದ್ದನ್ನ ಅಕ್ಕನಿಗೆ ತಿಳಿಸೋದು ಹೇಗೆ? ಮನೆಗಳಲ್ಲಿ ಫೋನಿಲ್ಲದ ಕಾಲ. ಪೋಸ್ಟ್‌ಕಾರ್ಡ್ ಒಂದೇ ದಾರಿ. ಪೋಸ್ಟ್‌ಕಾರ್ಡ್ ಅಂದ್ರೆ ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಮಾವನವರ ತನಕ ಎಲ್ಲರೂ ಓದೋ ಚಾನೆಲ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಝೀರೋ ಎನ್‌ಕ್ರಿಪ್ಷನ್.

ತಮ್ಮ ಬರೀತಿದ್ದ: "ಎಲ್ಲರೂ ಕ್ಷೇಮ. ಅವ್ವ ಎರಡು ಜಾಡಿ ಉಪ್ಪಿನಕಾಯಿ ಹಾಕ್ಯಾಳ, ಬಂದು ಒಯ್ಯಿ." ಎರಡು ಜಾಡಿ ಅಂದ್ರೆ ಎರಡು ಕಾದಂಬರಿ. ಅಜ್ಜಿ ಏನಾದ್ರೂ ನೆಪ ಮಾಡಿ ತವರಿಗೆ ಹೋಗಿ ತರೋದು. ಪುಸ್ತಕಕ್ಕೆ ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು, ಮೇಲೆ ದೇವರ ಚಿತ್ರ. ಇಡೋ ಜಾಗ ಅಕ್ಕಿ ಡಬ್ಬದ ತಳ, ಓದೋದು ಮಧ್ಯಾಹ್ನ ಅತ್ತೆ ಮಲಗಿದ ಮೇಲೆ.

ಮೊದಲನೇ ಸಲವೇ ಎಡವಟ್ಟಾಯ್ತು. ಅಜ್ಜಿ ವಾಪಸ್ ಬಂದು ಬಸ್ ಇಳಿದು ಮನೆಗೆ ಕಾಲಿಟ್ಟ ತಕ್ಷಣ ಅತ್ತೆ ಕೇಳಿದ್ರು, "ಎಲ್ಲಿ ಉಪ್ಪಿನಕಾಯಿ?" ಪೋಸ್ಟ್‌ಕಾರ್ಡ್ ಅನ್ನ ಮಾವನವರು ಜೋರಾಗಿ ಓದಿ ಹೇಳಿದ್ರಲ್ಲ! ಜಾಡಿ ಬಸ್ಸಿನಲ್ಲಿ ಒಡೀತು ಅಂತ ಅಜ್ಜಿ ಸುಳ್ಳು ಹೇಳಿದ್ಲು. ಒಂದು ಸಲ ನಡೀತು. ಪ್ರತಿ ಸಲ ಒಡೆಯೋ ಹಾಗಿಲ್ಲ. ಹಾಗಾಗಿ ಆ ವರ್ಷದಿಂದ ಕುರುಗೋಡಿನ ಮನೆಯಲ್ಲಿ ನಿಜವಾಗಲೂ ಎರಡು ಜಾಡಿ ಉಪ್ಪಿನಕಾಯಿ ಜಾಸ್ತಿ ಹಾಕೋಕೆ ಶುರು ಮಾಡಿದ್ರು. ಬೇಸಿಗೆಯಲ್ಲಿ ಮಾವಿನಕಾಯಿ, ಬೇರೆ ಕಾಲದಲ್ಲಿ ನಿಂಬೆಕಾಯಿ. ಕಾರ್ತೀಕದಲ್ಲಿ ಹೊಸ ಮಾವಿನಕಾಯಿ ಉಪ್ಪಿನಕಾಯಿ ಅಂದ್ರೆ ಯಾರು ನಂಬ್ತಾರೆ?

ಸೀರಿಯಸ್ಸಾಗಿ ಹೇಳ್ತೀನಿ, ಕವರ್ ಬಗ್ಗೆ ಇದಕ್ಕಿಂತ ಒಳ್ಳೇ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ. ಉಪ್ಪಿನಕಾಯಿ ವ್ಯಾಪಾರಿ ಅಂತ ಸುಳ್ಳು ಹೇಳಿದವನು ನಿಜವಾಗಲೂ ಉಪ್ಪಿನಕಾಯಿ ಹಾಕಬೇಕು, ಮಾರಬೇಕು, ಉಪ್ಪು ಜಾಸ್ತಿಯಾಯ್ತು ಅಂತ ಬೈಸ್ಕೋಬೇಕು. ನನ್ನ ವಿಕ್ರಮ್‌ಗೆ ಉಪ್ಪಿನಕಾಯಿನೇ ಇರಲಿಲ್ಲ. ಅದಕ್ಕೇ ಅವನು ಕಾಗದದ ಮೇಲೆ ಸತ್ತುಹೋದ.

ಅಜ್ಜಿ ಓದ್ತಿದ್ದ ಪುಸ್ತಕಗಳು ಯಾವುವು ಅಂತ ಹುಡುಕೋಕೆ ಹೋದಾಗ ನನಗೆ ಗೊತ್ತೇ ಇಲ್ಲದ ಒಂದು ಕನ್ನಡ ಲೋಕ ಸಿಕ್ತು. ಮೊದಲನೇ ಹೆಸರು ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೇ ಕ್ಲಾಸು, ಬರೆದಿದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಮೊದಲನೆಯದು 'ಪತ್ತೇದಾರ ಪುರುಷೋತ್ತಮ', 1952ರಲ್ಲಿ. ಆ ಪುರುಷೋತ್ತಮ ನಮ್ಮ ಅಜ್ಜಿಯ ತಲೆಮಾರಿಗೆ ಮನೆ ಮಗ ಇದ್ದಂಗೆ. ಚಿಕ್ಕ ಚಿಕ್ಕ ವಾಕ್ಯ, ದಿನಾ ಆಡೋ ಪದ, ಒಂದು ಬಸ್ ಪ್ರಯಾಣದಲ್ಲಿ ಓದಿ ಮುಗಿಸಬಹುದು. 2011ರಲ್ಲಿ ಅವರು ತೀರಿಕೊಂಡರು. ನಮ್ಮ ಸ್ಕೂಲ್ ಕನ್ನಡ ಟೆಕ್ಸ್ಟ್‌ನಲ್ಲಿ ಅವರ ಹೆಸರು ನಾನು ನೋಡಲಿಲ್ಲ. ಕೂಡಿಸಿ ಕೂಡಿಸಿ ಓದೋ ಎಷ್ಟೋ ಜನ ಸಲೀಸಾಗಿ ಓದೋಕೆ ಕಲಿತಿದ್ದು ಇಂಥ ಪುಸ್ತಕಗಳಿಂದ. ಒಂದು ಭಾಷೆಗೆ ಇದು ಸಣ್ಣ ಉಪಕಾರ ಅಲ್ಲ ಅಂತ ನನಗನಿಸುತ್ತೆ. ನಾನೂ ಅದೇ ದಾರಿಯಲ್ಲಿ ಬಂದೆ: ಈ ಬೇಸಿಗೆಯಲ್ಲಿ ನರಸಿಂಹಯ್ಯನವರ ಮೊದಲ ಕಾದಂಬರಿಗೆ ನನಗೆ ನಾಲ್ಕು ದಿನ ಬೇಕಾಯ್ತು, ಐದನೆಯದಕ್ಕೆ ಒಂದು ಮಧ್ಯಾಹ್ನ.

ಇನ್ನೊಂದು ಹೆಸರು ಕೇಳಿದ್ರೆ ನಿಮಗೆ ಆಶ್ಚರ್ಯ ಆಗಬಹುದು. ನವೆಂಬರ್ 1ಕ್ಕೆ ನಾವು ಕ್ಯಾಂಪಸ್‌ನಲ್ಲಿ ಹಾರಿಸ್ತೀವಲ್ಲ, ಹಳದಿ ಕೆಂಪು ಬಾವುಟ, ಅದನ್ನ ರೂಪಿಸಿದ ಮ. ರಾಮಮೂರ್ತಿ ಕೂಡ ಪತ್ತೇದಾರಿ ಕಾದಂಬರಿಕಾರರು. ರಾಜ್‌ಕುಮಾರ್ ಅವರ 'ಬಂಗಾರದ ಮನುಷ್ಯ' ಸಿನಿಮಾದ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾವ್ ಕೂಡ ಪತ್ತೇದಾರಿ ಬರೆದವರೇ. ಅಂದ್ರೆ ಇದು ಹಿತ್ತಲ ಬಾಗಿಲಿನ ಸಾಹಿತ್ಯ ಆಗಿರಲಿಲ್ಲ, ಅಥವಾ ಹಿತ್ತಲ ಬಾಗಿಲಲ್ಲೇ ಎಲ್ಲರೂ ಓಡಾಡ್ತಿದ್ರು.

ಆ ಇಸವಿಗಳನ್ನ ಸ್ವಲ್ಪ ಪಕ್ಕಪಕ್ಕ ಇಟ್ಟು ನೋಡಿ. 1952ರಲ್ಲಿ ಪುರುಷೋತ್ತಮ ಹುಟ್ಟಿದ. ಅದೇ ವರ್ಷ ಅಲಹಾಬಾದ್‌ನಲ್ಲಿ ಇಬ್ನೆ ಸಫಿ ಉರ್ದುವಿನಲ್ಲಿ 'ಜಾಸೂಸಿ ದುನಿಯಾ' ಶುರು ಮಾಡಿದ್ರು. (ಕೌಲ್‌ಬಜಾರ್‌ನ ನನ್ನ ಕ್ಲಾಸ್‌ಮೇಟ್ ಒಬ್ಬಳ ಮನೆಯಲ್ಲಿ ಅವು ಈಗಲೂ ಇವೆ. ಅವಳ ದಾದಾ ಯಾರಿಗೂ ಮುಟ್ಟೋಕೆ ಬಿಡಲ್ಲ.) 1953ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಇಯಾನ್ ಫ್ಲೆಮಿಂಗ್ ಅವರ 'ಕ್ಯಾಸಿನೋ ರಾಯಲ್' ಬಂತು, ಜೇಮ್ಸ್ ಬಾಂಡ್ ಹುಟ್ಟಿದ. ಮತ್ತು 1953ರ ಅಕ್ಟೋಬರ್ 1ರಂದು, ಅಲ್ಲಿವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ಎರಡು ಹೋಳಾಯ್ತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಸಿರುಗುಪ್ಪ, ಬಳ್ಳಾರಿ ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನೋದಕ್ಕೆ ಎಷ್ಟು ಜಗಳ ಆಯ್ತು ಅಂದ್ರೆ, ಮಿಶ್ರಾ ಅನ್ನೋ ನ್ಯಾಯಮೂರ್ತಿಗಳು ಬಂದು ವಿಚಾರಣೆ ಮಾಡಿ ವರದಿ ಕೊಡಬೇಕಾಯ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಗೂಢಚಾರಿ ಕಥೆ ಬೆಳೆಯೋದು ಗಡಿಯಲ್ಲಿ. ಫ್ಲೆಮಿಂಗ್ ನಂತರ ಬಂದ ಜಾನ್ ಲೆ ಕ್ಯಾರೆ ಅವರ 1963ರ ಪ್ರಸಿದ್ಧ ಕಾದಂಬರಿ ಬರ್ಲಿನ್ ಗೋಡೆಯ ಹತ್ರ ಶುರುವಾಗಿ ಅಲ್ಲೇ ಮುಗಿಯುತ್ತೆ. ನಮ್ಮಲ್ಲಿ ಗೋಡೆ ಇಲ್ಲ, ಆದ್ರೆ ಬಳ್ಳಾರಿಯವರು ದಿನಾ ಗಡಿ ದಾಟ್ತಾನೇ ಇರ್ತೀವಿ. ನನ್ನ ತಾತನ ಜೊತೆ ತೆಲುಗು, ಅಜ್ಜಿ ಜೊತೆ ಕನ್ನಡ, ಕೌಲ್‌ಬಜಾರ್‌ನಲ್ಲಿ ಅರ್ಧಂಬರ್ಧ ಉರ್ದು, ಕ್ಲಾಸ್‌ನಲ್ಲಿ ಇಂಗ್ಲಿಷ್. ಒಂದೊಂದು ಕಡೆ ಒಂದೊಂದು ಮುಖ. ಇಲ್ಲಿ ತರಕಾರಿ ಮಾರೋ ಅಮ್ಮ ಎರಡು ವಾಕ್ಯ ಕೇಳಿ ನೀವು ಯಾವ ಕಡೆಯವರು ಅಂತ ಹೇಳಿಬಿಡ್ತಾಳೆ. ಶತ್ರು ಗೂಢಚಾರ ಬಳ್ಳಾರಿಗೆ ಬಂದ್ರೆ ಮೊದಲು ಹೆದರಬೇಕಾಗಿರೋದು ಪೊಲೀಸರಿಗಲ್ಲ, ಅವಳಿಗೆ. ಕೃಷ್ಣದೇವರಾಯ 'ಆಮುಕ್ತಮಾಲ್ಯದ'ದ ರಾಜನೀತಿ ಭಾಗದಲ್ಲಿ ಗೂಢಚಾರನಿಗೆ ಹಲವು ಭಾಷೆ ಬರಬೇಕು ಅಂತ ಹೇಳಿದ್ದಾನೆ. ಪಕ್ಕದ ಹಂಪಿಯಲ್ಲಿ ಕೂತು ತೆಲುಗಿನಲ್ಲಿ ಬರೆದವನಿಗೆ ಅದು ಹೊಳೆಯದೇ ಇರುತ್ತಾ?

ತಾತನ ಟ್ರಂಕಿನಲ್ಲಿ ಇದ್ದದ್ದು ತೆಲುಗಿನ ಮಧುಬಾಬು ಅವರ 'ಶಾಡೋ' ಸರಣಿ. ಶಾಡೋ ಅನ್ನೋನು ಪಕ್ಕಾ ಗೂಢಚಾರ, ಪತ್ತೇದಾರ ಅಲ್ಲ. ಅವನಿಗಾಗಿ ಅಜ್ಜಿ ತೆಲುಗು ಲಿಪಿ ಕಲಿತಳಂತೆ. ಎರಡು ಲಿಪಿ ಅಕ್ಕತಂಗಿ ಇದ್ದ ಹಾಗಿವೆ, ತಲೆಕಟ್ಟು ಒಂದು ಅಭ್ಯಾಸ ಆದ್ರೆ ಸಾಕು ಅಂತಾಳೆ. ಒಂದು ಕಥೆಯ ಮುಂದಿನ ಭಾಗ ತಿಳ್ಕೊಳ್ಳೋಕೆ ಒಂದು ಲಿಪಿಯನ್ನೇ ಕಲಿಯೋದು! ನಾವು ಸಬ್‌ಟೈಟಲ್ ಇಲ್ಲ ಅಂದ್ರೆ ಸೀರೀಸ್ ಬಿಟ್ಟುಬಿಡ್ತೀವಿ.

ಸಿನಿಮಾ ಕಡೆ ಹೆಚ್ಚು ಹೇಳೋದು ಬೇಡ, ನಿಮಗೇ ಗೊತ್ತಿರುತ್ತೆ. ತೆಲುಗಿನಲ್ಲಿ 1966ರಲ್ಲಿ ಕೃಷ್ಣ ಅವರ 'ಗೂಢಚಾರಿ 116', ಕನ್ನಡದಲ್ಲಿ ದೊರೈ-ಭಗವಾನ್ ಜೋಡಿ 1968ರಲ್ಲಿ ರಾಜ್‌ಕುಮಾರ್ ಅವರನ್ನ ಸಿಐಡಿ 999 ಮಾಡಿ 'ಜೇಡರ ಬಲೆ' ತೆಗೆದ್ರು. ಆಮೇಲೆ ಗೋವಾ, ಜಾಕ್‌ಪಾಟ್, ಡೈಮಂಡ್ ರಾಕೆಟ್ ಅಂತ ಇನ್ನೂ ಮೂರು. ನಿಜವಾದ ಭಾರತೀಯ ವಿದೇಶಿ ಗೂಢಚಾರ ಸಂಸ್ಥೆ 'ರಾ' ಶುರುವಾಗಿದ್ದೂ ಅದೇ 1968ರ ಸೆಪ್ಟೆಂಬರ್‌ನಲ್ಲಿ. ಕನ್ನಡದ ಗೂಢಚಾರನಿಗೂ ದೆಹಲಿಯ ಗೂಢಚಾರನಿಗೂ ಒಂದೇ ವಯಸ್ಸು.

ಆದ್ರೆ ಕನ್ನಡ ಗದ್ಯದಲ್ಲಿ ಗೂಢಚಾರ ಬಂದಿದ್ದು ಇದಕ್ಕೂ ತುಂಬಾ ಮೊದಲು. 1823ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕೆಂಪುನಾರಾಯಣ ಬರೆದ 'ಮುದ್ರಾಮಂಜೂಷ'. ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕದ ಕಥೆಯೇ ಇದರ ಬುನಾದಿ. ನಾಟಕದಲ್ಲಿ ಚಾಣಕ್ಯನ ಗೂಢಚಾರ ಒಬ್ಬ ಯಮನ ಚಿತ್ರಪಟ ಹಿಡ್ಕೊಂಡು ಮನೆಮನೆ ತಿರುಗ್ತಾನೆ. ಒಂದು ಮನೆಯಲ್ಲಿ ಅವನಿಗೆ ಶತ್ರು ಮಂತ್ರಿ ರಾಕ್ಷಸನ ಮುದ್ರೆ ಉಂಗುರ ಸಿಗುತ್ತೆ. ಚಾಣಕ್ಯ ಆ ಉಂಗುರದಿಂದ ಸುಳ್ಳು ಪತ್ರಕ್ಕೆ ಮುದ್ರೆ ಒತ್ತಿಸಿ, ರಾಕ್ಷಸನ ಕಡೆಯವರೇ ಅವನನ್ನ ನಂಬದ ಹಾಗೆ ಮಾಡ್ತಾನೆ. ರಾಕ್ಷಸ ಸೋಲೋದು ಯುದ್ಧದಲ್ಲಿ ಅಲ್ಲ, ಅವನ ಸಹಿ ಕಳವಾಗಿದ್ದರಿಂದ. ಇವತ್ತು ಯಾರೋ ನಿಮ್ಮ ಪ್ರೈವೇಟ್ ಕೀ ಕದ್ದು ನಿಮ್ಮ ಹೆಸರಿನಲ್ಲಿ ಮೆಸೇಜ್ ಸೈನ್ ಮಾಡಿದ ಹಾಗೆ. ಇನ್ನೂರು ವರ್ಷದ ಹಿಂದಿನ ಕನ್ನಡ ಪುಸ್ತಕದ ಕಥೆ ನಮ್ಮ ನೆಟ್‌ವರ್ಕ್ ಸೆಕ್ಯುರಿಟಿ ಸಿಲಬಸ್‌ಗೆ ಸೇರುತ್ತೆ ಅಂತ ನಾನಂತೂ ಅಂದ್ಕೊಂಡಿರಲಿಲ್ಲ.

ಚಾಣಕ್ಯ ಅಂದ ಮೇಲೆ ಅರ್ಥಶಾಸ್ತ್ರ. ಅದರಲ್ಲಿ ಒಂದೇ ಕಡೆ ನೆಲೆ ನಿಂತು ಕೆಲಸ ಮಾಡೋ ಗೂಢಚಾರರ ವೇಷಗಳ ಪಟ್ಟಿ ಇದೆ: ವಿದ್ಯಾರ್ಥಿ, ಸನ್ಯಾಸ ಬಿಟ್ಟವನು, ಒಕ್ಕಲಿಗ, ವ್ಯಾಪಾರಿ, ತಪಸ್ವಿ. ಪಟ್ಟಿಯಲ್ಲಿ ಮೊದಲನೆಯವನೇ ವಿದ್ಯಾರ್ಥಿ ಅನ್ನೋದನ್ನ ಗಮನಿಸಿ. ಅಲ್ಲಿನ ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ ಆಯ್ತು. ಮೂರು ಕಡೆಯಿಂದ ಬಂದ ಸುದ್ದಿ ಒಂದೇ ಆಗಿದ್ರೆ ಮಾತ್ರ ನಂಬು. ಗೂಢಚಾರರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರಬಾರದು. ಮತ್ತೆ ಮತ್ತೆ ತಪ್ಪು ಸುದ್ದಿ ತರೋನನ್ನ ಸದ್ದಿಲ್ಲದೆ ತೆಗೆದುಹಾಕು. ಇಲೆಕ್ಟ್ರಾನಿಕ್ಸ್‌ನವರಿಗೆ ಇದು ಎಲ್ಲೋ ಕೇಳಿದ ಹಾಗಿದೆ ಅನಿಸಿರಬೇಕು. ಕಂಟ್ರೋಲ್ ಸಿಸ್ಟಮ್‌ನಲ್ಲಿ ಮೂರು ಸೆನ್ಸರ್ ಇಟ್ಟು, ಎರಡು ಒಪ್ಪಿದ್ರೆ ಆ ರೀಡಿಂಗ್ ತಗೊಂಡು, ಕೆಟ್ಟದ್ದನ್ನ ಬದಿಗೆ ಸರಿಸ್ತೀವಲ್ಲ, ಅದೇ ಲಾಜಿಕ್. ಕೌಟಿಲ್ಯ ನಮಗಿಂತ ಕಟ್ಟುನಿಟ್ಟು, ಮೂರೂ ಒಪ್ಪಬೇಕು ಅಂತಾನೆ. ಆದ್ರೆ ಮೂರು ಸೆನ್ಸರ್‌ಗೂ ಒಂದೇ ವೈರಿನಿಂದ ಪವರ್ ಕೊಟ್ರೆ ಏನು ಪ್ರಯೋಜನ? ಒಳ್ಳೇ ಗೂಢಚಾರಿ ಕಥೆಯ ತಿರುವು ಸಾಮಾನ್ಯವಾಗಿ ಇಲ್ಲೇ ಇರುತ್ತೆ. ಮೂರು ಜನ ಬೇರೆ ಬೇರೆ ಸಾಕ್ಷಿ ಅಂದ್ಕೊಂಡಿರ್ತೀವಿ, ಕೊನೆಗೆ ನೋಡಿದ್ರೆ ಮೂವರಿಗೂ ಸುದ್ದಿ ಕೊಟ್ಟವನು ಒಬ್ಬನೇ.

ಈಗ ಬರೆಯೋ ವಿಷಯಕ್ಕೆ ಬರ್ತೀನಿ. ನಾನೇನು ಎಕ್ಸ್‌ಪರ್ಟ್ ಅಲ್ಲ, ಒಂದು ರಿಜೆಕ್ಟ್ ಆದ ಕಥೆ, ಒಂದು ಅರ್ಧ ಆದ ಕಥೆ ಅಷ್ಟೇ ನನ್ನ ಅನುಭವ. ಆದ್ರೂ ಹೇಳ್ತೀನಿ.

ಕದಿಯೋ ವಸ್ತು ಸಣ್ಣದಾಗಿರಲಿ. ಚಿನ್ನದ ಫಾರ್ಮುಲಾ, ಬಾಂಬು ಬೇಡ. ಗೂಢಚಾರ ಕದಿಯೋದು ಮಾಹಿತಿ, ಮತ್ತು ಮಾಹಿತಿ ಬೇಜಾರು ಹಿಡಿಸೋ ಕಾಗದದಲ್ಲಿ ಇರುತ್ತೆ. ನಮ್ಮ ಜಿಲ್ಲೆಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಮಾಯ ಆಯ್ತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ಕಥೆಯೆಲ್ಲ ನಿಂತಿರೋದು ಲಾರಿ ಪರ್ಮಿಟ್, ತೂಕದ ಚೀಟಿ, ಲೆಕ್ಕದ ಫೈಲುಗಳ ಮೇಲೆ. ಒಂದು ವೇಬ್ರಿಡ್ಜ್ ಚೀಟಿಯನ್ನ ತೋರಣಗಲ್ಲಿನಿಂದ ಬಳ್ಳಾರಿಗೆ ತರೋದರಲ್ಲೇ ಇಡೀ ಕಾದಂಬರಿ ಬರೆಯಬಹುದು. ಅಣ್ಣ ಆವತ್ತು ತಮಾಷೆಗೆ ಹೇಳಿದ್ದು ನನ್ನ ಕಥೆಗಿಂತ ಒಳ್ಳೇ ಕಥೆ ಅಂತ ನನಗೆ ಅರ್ಥ ಆಗಿದ್ದು ಎರಡು ತಿಂಗಳ ಮೇಲೆ.

ವೇಷಕ್ಕಂತೂ ನಮ್ಮಲ್ಲಿ ಬರ ಇಲ್ಲ. ಬಳ್ಳಾರಿ ಜೀನ್ಸ್ ತಗೊಳ್ಳೋಕೆ ಬೇರೆ ಬೇರೆ ಊರಿನ ವ್ಯಾಪಾರಿಗಳು ಬರ್ತಾರೆ, ಹೊಸ ಮುಖ ಕಂಡ್ರೆ ಯಾರೂ ತಲೆ ಎತ್ತಿ ನೋಡಲ್ಲ. ಸಿರುಗುಪ್ಪದಲ್ಲಿ ಭತ್ತದ ಸುಗ್ಗಿ ಟೈಮಲ್ಲಿ ರೈಸ್ ಮಿಲ್ ಮುಂದೆ ನಿಂತಿರೋ ಲಾರಿಗಳಲ್ಲಿ ಒಂದು ಲಾರಿ ಹೆಚ್ಚಿದ್ರೆ ಯಾರು ಎಣಿಸ್ತಾರೆ? ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಜಾತ್ರೆ ದಿನ ಇಬ್ಬರು ಅಪರಿಚಿತರು ಭೇಟಿಯಾಗಿ ಒಂದು ಚೀಲ ಬದಲಾಯಿಸ್ಕೊಂಡ್ರೆ ಬಸವಣ್ಣ ಬಿಟ್ರೆ ಬೇರೆ ಯಾರೂ ನೋಡಲ್ಲ. ಆದ್ರೆ ಅದೇ ಕುರುಗೋಡಿಗೆ ಬೇರೆ ದಿನ ಹೊಸಬ ಬಂದ್ರೆ ಟೀ ಅಂಗಡಿ ತಲುಪೋದರೊಳಗೆ "ಯಾರ ಮನಿಗೆ ಬಂದೀರಿ?" ಅಂತ ನಾಲ್ಕು ಜನ ಕೇಳಿರ್ತಾರೆ. ಬರ್ಲಿನ್‌ನಲ್ಲಿ ಪಾಸ್‌ಪೋರ್ಟ್ ಕೇಳ್ತಿದ್ರು, ಇಲ್ಲಿ ಸಂಬಂಧ ಕೇಳ್ತಾರೆ. ಸುಳ್ಳು ಪಾಸ್‌ಪೋರ್ಟ್ ಮಾಡಬಹುದು, ಸುಳ್ಳು ಸೋದರಮಾವನನ್ನ ಎಲ್ಲಿಂದ ತರ್ತೀರಿ?

ಕೋಡ್ ಬೇಕು ಅಂದ್ರೆ ನಿಜವಾದ ಕೋಡ್ ಹಾಕಿ, "ಸಿಸ್ಟಮ್ ಹ್ಯಾಕ್ ಆಯ್ತು" ಅಂತ ಬರೆದು ಮುಗಿಸಬೇಡಿ. ನಾನು ನನ್ನ ಹೊಸ ಕಥೆಯಲ್ಲಿ ಒನ್ ಟೈಮ್ ಪ್ಯಾಡ್ ಬಳಸಿದ್ದೀನಿ. ಇಬ್ಬರ ಹತ್ರನೂ ಯಾವ ಕ್ರಮವೂ ಇಲ್ಲದ ಅಂಕಿಗಳ ಒಂದೇ ಥರದ ಪಟ್ಟಿ ಇರುತ್ತೆ. ಭೇಟಿ 9 ಗಂಟೆಗೆ ಅಂತ ಹೇಳಬೇಕು, ಪಟ್ಟಿಯಲ್ಲಿ ಮೊದಲ ಅಂಕಿ 7. ಕೂಡಿದ್ರೆ 16, ಹತ್ತರ ಸ್ಥಾನ ಬಿಟ್ಟು 6 ಅಂತ ಕಳಿಸ್ತೀನಿ. ಆ ಕಡೆಯವನು 6ರಿಂದ 7 ಕಳೀತಾನೆ, ಸಾಲದೇ ಇದ್ರೆ 10 ಸೇರಿಸ್ಕೋತಾನೆ, 9 ಸಿಗುತ್ತೆ. ಮಧ್ಯದಲ್ಲಿ 6 ನೋಡಿದವನಿಗೆ ಅದು 0 ಇಂದ 9ರವರೆಗೆ ಯಾವುದೂ ಆಗಿರಬಹುದು. ಎಷ್ಟೇ ದೊಡ್ಡ ಕಂಪ್ಯೂಟರ್ ತಂದ್ರೂ ಒಡೆಯೋಕಾಗಲ್ಲ ಅಂತ ಗಣಿತದಲ್ಲೇ ಸಾಧಿಸಿ, ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ್ರು. ಒಂದೇ ಷರತ್ತು, ಒಂದು ಸಲ ಬಳಸಿದ ಅಂಕಿ ಮತ್ತೆ ಬಳಸಬಾರದು. ಬಳಸಿದ್ರೆ ಎರಡು ಸಂದೇಶಗಳನ್ನ ಒಂದರಿಂದ ಒಂದು ಕಳೆದಾಗ ಪ್ಯಾಡ್ ಕ್ಯಾನ್ಸಲ್ ಆಗುತ್ತೆ, ಉಳಿಯೋದು ಬರೀ ಸಂದೇಶಗಳ ವ್ಯತ್ಯಾಸ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಕಡೆ ಕೆಲವು ಪ್ಯಾಡ್ ಪುಟಗಳು ಎರಡೆರಡು ಸಲ ಬಳಕೆಯಾದವು. ಅಮೆರಿಕದವರ 'ವೆನೋನಾ' ಯೋಜನೆ ಆ ಬಿರುಕಿನಿಂದಲೇ ಅವರ ಗೂಢಚಾರರನ್ನ ಹಿಡೀತು. ಅಲ್ಲಿ ಗಣಿತ ಸೋಲಲಿಲ್ಲ. ಯಾರೋ ಅವಸರಕ್ಕೆ ಅದೇ ಪುಟ ಮತ್ತೆ ಪ್ರಿಂಟ್ ಮಾಡಿದ್ರು ಅಷ್ಟೇ. ಕಥೆಗೆ ಬೇಕಾಗಿರೋದೂ ಅಂಥ ಒಬ್ಬ ಸುಸ್ತಾದ ಮನುಷ್ಯ.

ಇನ್ನು ಭಾಷೆ. ಇದು ನನ್ನ ದೊಡ್ಡ ತಲೆನೋವು. ನಾನು ಇಂಗ್ಲಿಷಿನಲ್ಲಿ ಯೋಚನೆ ಮಾಡಿ ಕನ್ನಡದಲ್ಲಿ ಬರೀತಿದ್ದೆ. ನನ್ನ ವಿಲನ್ ಮಾತಾಡಿದ್ರೆ ಡಬ್ಬಿಂಗ್ ಸಿನಿಮಾ ಕೇಳಿದ ಹಾಗಿತ್ತು. ಈಗ ಒಂದು ಉಪಾಯ ಮಾಡಿದ್ದೀನಿ. ಸಂಭಾಷಣೆಯನ್ನ ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡ್ತೀನಿ, ಯಾರಿಗೋ ಹೇಳೋ ಹಾಗೆ. ಆಮೇಲೆ ಅದನ್ನ ಕೇಳ್ಕೊಂಡು ಬರೀತೀನಿ. ನಾಚಿಕೆ ಆಗುತ್ತೆ, ರೂಮ್‌ಮೇಟ್‌ಗಳು ನಗ್ತಾರೆ, ಆದ್ರೆ ವಿಲನ್ ಈಗ ಬಳ್ಳಾರಿಯವನಾಗಿದ್ದಾನೆ.

ಕೊನೆಗೆ, ಅಧ್ಯಾಯ ಎಲ್ಲಿ ನಿಲ್ಲಿಸಬೇಕು ಅನ್ನೋದು. ನರಸಿಂಹಯ್ಯನವರ ಕಾಲದ ಕಾದಂಬರಿಗಳು ಇದರಲ್ಲಿ ಪಳಗಿದ್ದವು. ಓದೋಳನ್ನ ಸರಿಯಾದ ಜಾಗದಲ್ಲಿ ತಡೆದು ನಿಲ್ಲಿಸಿದ್ರೆ ಅವಳು ಎಷ್ಟು ಹೊತ್ತು ಕಾಯ್ತಾಳೆ? ನನಗೆ ಗೊತ್ತಿರೋ ಒಂದು ಲೆಕ್ಕ ಹೇಳ್ತೀನಿ.

ಒಂದು ದಿನ ಅತ್ತೆಯೇ ಅಕ್ಕಿ ತೆಗೆಯೋಕೆ ಹೋಗಿ, ಡಬ್ಬದ ತಳದಲ್ಲಿ ಕೈಗೆ ಪುಸ್ತಕ ಸಿಕ್ತು. ಬೈಗುಳ ಆಯ್ತಾ, ಜಗಳ ಆಯ್ತಾ ಅಂತ ಕೇಳಿದೆ. ಅಜ್ಜಿ ಹೇಳಲಿಲ್ಲ. "ನೀರೊಲಿಗೆ ಹಾಕಿದ್ರು" ಅಂದ್ಲು, ಅಷ್ಟೇ. ನಾಲ್ಕು ಪುಸ್ತಕ ಇದ್ದವಂತೆ. ಮೂರು ಓದಿ ಆಗಿತ್ತು. ನಾಲ್ಕನೆಯದು ಹತ್ತಿಪ್ಪತ್ತು ಪುಟ ಬಾಕಿ ಇತ್ತು. ಆಮೇಲೆ ಎರಡು ಮೂರು ವರ್ಷ ಮನೆಯಲ್ಲಿ ಪುಸ್ತಕ ಇಲ್ಲ. ಕುರುಗೋಡಿನಿಂದ ಉಪ್ಪಿನಕಾಯಿ ಮಾತ್ರ ಬರ್ತಿತ್ತು.

ಆ ನಾಲ್ಕನೇ ಪುಸ್ತಕದ ಹೆಸರು ಅಜ್ಜಿಗೆ ನೆನಪಿಲ್ಲ. ಬರೆದವರು ಯಾರು ಅಂತಾನೂ ಗೊತ್ತಿಲ್ಲ, ರಟ್ಟು, ಮೊದಲ ಹಾಳೆ ಎರಡೂ ಹರಿದುಹೋಗಿದ್ದವಂತೆ. ಕಥೆ ಮಾತ್ರ ನಿನ್ನೆ ಓದಿದ ಹಾಗೆ ಹೇಳ್ತಾಳೆ. ಒಂದು ರೈಲು. ಅದರಲ್ಲಿ ಇಬ್ಬರು ಡಾಕ್ಟರು, ಇಬ್ಬರ ಹೆಸರೂ ಒಂದೇ, ಇಬ್ಬರ ಕೈಯಲ್ಲೂ ಒಂದೇ ಥರದ ಚರ್ಮದ ಬ್ಯಾಗು. ಒಬ್ಬ ನಮ್ಮ ಕಡೆಯ ಸಿಐಡಿ, ಇನ್ನೊಬ್ಬ ಶತ್ರು. ಬೋಗಿಯಲ್ಲಿ ಒಬ್ಬಳು ಹುಡುಗಿಗೆ ಮಾತ್ರ ಯಾರು ಯಾರು ಅಂತ ಗೊತ್ತು, ಅವಳಿಗೆ ಮಾತು ಬರಲ್ಲ. ಮಧ್ಯರಾತ್ರಿ ಗುಂತಕಲ್ ಜಂಕ್ಷನ್‌ನಲ್ಲಿ ದೀಪ ಹೋಗುತ್ತೆ. ಒಬ್ಬ ಡಾಕ್ಟರ್ ಬ್ಯಾಗು ತಗೊಂಡು ಇಳೀತಾನೆ. ಹುಡುಗಿ ಕಿಟಕಿಯಿಂದ ಕೈ ಬೀಸ್ತಾಳೆ. ಅಲ್ಲಿಗೆ ಅತ್ತೆ ಎದ್ದ ಸದ್ದಾಯ್ತು, ಅಜ್ಜಿ ಪುಸ್ತಕ ಮುಚ್ಚಿದ್ಲು.

"ಇಳಿದಾವ ಯಾರು ಅಂತ ಇವತ್ತಿಗೂ ಗೊತ್ತಾಗಲಿಲ್ಲ ನೋಡವ್ವಾ" ಅಂದ್ಲು. ಹೆಚ್ಚುಕಡಿಮೆ ಐವತ್ತು ವರ್ಷ ಆಗಿದೆ.

ಬಳ್ಳಾರಿಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದೆ, ಲೈಬ್ರರಿಯಲ್ಲಿ ಕೇಳಿದೆ, ಸಿಗಲಿಲ್ಲ. ಕನ್ನಡ ಕಾದಂಬರಿನೋ, ಅನುವಾದವೋ ಅಂತಾನೂ ಹೇಳೋಕಾಗ್ತಿಲ್ಲ. ಅದಕ್ಕೇ ಇದನ್ನ ಓದ್ತಿರೋ ನಿಮ್ಮನ್ನೆಲ್ಲ ಕೇಳ್ಕೊಳ್ತಿದ್ದೀನಿ. ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜ ಅಜ್ಜಿಯರ ಟ್ರಂಕಿನಲ್ಲಿ ಹಳೇ ಪತ್ತೇದಾರಿ ಕಾದಂಬರಿಗಳಿದ್ರೆ ಒಂದ್ಸಲ ತಿರುವಿ ನೋಡಿ. ರೈಲು, ಇಬ್ಬರು ಡಾಕ್ಟರು, ಗುಂತಕಲ್ ಕಂಡ್ರೆ ಕೊನೇ ಇಪ್ಪತ್ತು ಪುಟ ಫೋಟೋ ಹೊಡೆದು ಬಳಗಕ್ಕೆ ಕಳಿಸಿ. ಅಜ್ಜಿಗೆ ಈಗ ಓದಬಹುದು ಅಂತ ಡಾಕ್ಟರ್ ಹೇಳಿದ್ದಾರೆ, ಕನ್ನಡಕ ಮುಂದಿನ ವಾರ ಬರುತ್ತೆ.